ಯಾರೂ ಇಲ್ಲದ ಮನೆಯ ಬಾಗಿಲು

ಕಳೆದ ಬೇಸಿಗೆಯಲ್ಲಿ ನಾವು ಸಂಗೊಳ್ಳಿಯ ಆಪಾನ ಮನೆಯಲ್ಲಿ ಎಂಟು ದಿನ ಇದ್ದೆವು. ಅರ್ಧಕ್ಕೆ ನಿಂತ ಕಥೆಯೊಂದು ಕೈಯಲ್ಲಿತ್ತು. ಮಲಪ್ರಭೆಯ ದಂಡೆಯ ಆ ಊರಿನಲ್ಲಿ ಕುಳಿತರೆ ಅದು ಮುಂದೆ ಸಾಗೀತೆಂದು ಆಸೆಪಟ್ಟಿದ್ದೆವು. ಕಥೆಯೇನೂ ಸಾಗಲಿಲ್ಲ. ಆಪಾನ ಮಗ ಧಾರವಾಡದಲ್ಲಿ ಕಾಲೇಜು ಓದುವ ಹುಡುಗ, ರಜೆಗೆ ಬಂದಿದ್ದ. ಹಗಲು ತಂದೆಯ ಕಿರಾಣಿ ಅಂಗಡಿಯಲ್ಲಿ ಕುಳಿತು, ರಾತ್ರಿ ಇಶಾ ನಮಾಜು, ಊಟ ಮುಗಿದ ಮೇಲೆ ಪಡಸಾಲೆಯ ಮೂಲೆಯಲ್ಲಿ ಹಳೆಯ ಲ್ಯಾಪ್‌ಟಾಪ್ ತೆರೆದು ಒಂದು ಆಟ ಆಡುತ್ತಿದ್ದ. ಅವನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಆ ಆಟವನ್ನು ನೋಡುವುದೇ ನಮಗೊಂದು ಚಟವಾಗಿಬಿಟ್ಟಿತು.

ಆಪಾಳಿಗೆ ಇಬ್ಬರ ಮೇಲೂ ಸಿಟ್ಟು. "ಆ ಸುಟ್ಟ ಊರಾಗ ಏನಿಟ್ಟೀರಿ ನೀವಿಬ್ರೂ? ದಿನಾ ರಾತ್ರಿ ಅದನ್ನ ಯಾಕ ತಿರುಗ್ತೀರಿ?" ಎಂದು ಅಡುಗೆಮನೆಯಿಂದಲೇ ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಈ ಬರಹ ಆ ಪ್ರಶ್ನೆಗೆ ತಡವಾಗಿ ಹುಡುಕಿದ ಉತ್ತರವೆಂದು ಓದುಗರು ತಿಳಿಯಬೇಕು.

ಆಟದ ಹೆಸರು ಫಾಲ್‌ಔಟ್. 1997ರಲ್ಲಿ ಮೊದಲನೆಯದು ಬಂತು. ನಮ್ಮ ಹುಡುಗ ಆಡುತ್ತಿದ್ದುದು 2008ರಲ್ಲಿ ಬಂದ ಮೂರನೆಯದನ್ನು. ಹಳೆಯ ಲ್ಯಾಪ್‌ಟಾಪಿನಲ್ಲಿ ಹೊಸದು ಓಡುವುದಿಲ್ಲ ಎಂಬುದಷ್ಟೇ ಅದಕ್ಕೆ ಕಾರಣ. 2024ರಲ್ಲಿ ಇದೇ ಹೆಸರಿನ ಧಾರಾವಾಹಿ ಅಮೆಜಾನ್ ಪ್ರೈಮ್‌ನಲ್ಲಿ ಬಂದ ಮೇಲೆ ಮರೆತುಹೋಗಿದ್ದ ಹಳೆಯ ಆಟಗಳನ್ನೂ ಜನ ಮತ್ತೆ ಹುಡುಕಿಕೊಂಡು ಆಡತೊಡಗಿದರು. ಕಥೆ ಹೀಗಿದೆ: 2077ರಲ್ಲಿ ಅಮೆರಿಕ ಮತ್ತು ಚೀನಾ ನಡುವೆ ಅಣುಬಾಂಬುಗಳ ಯುದ್ಧ ನಡೆದು ಒಂದೆರಡು ಗಂಟೆಗಳಲ್ಲಿ ಜಗತ್ತು ಸುಟ್ಟುಹೋಗುತ್ತದೆ. ನೆಲದಡಿ ಕಟ್ಟಿದ ದೊಡ್ಡ ದೊಡ್ಡ ನೆಲಮಾಳಿಗೆಗಳಲ್ಲಿ ಕೆಲವರು ಬದುಕುಳಿಯುತ್ತಾರೆ. ಇನ್ನೂರು ವರ್ಷಗಳ ಮೇಲೆ, ಅಂಥದೊಂದು ನೆಲಮಾಳಿಗೆಯಲ್ಲಿ ಬೆಳೆದ ಹತ್ತೊಂಬತ್ತರ ಹರೆಯದವರೊಬ್ಬರು, ಹೇಳದೆ ಹೊರಟುಹೋದ ತಂದೆಯನ್ನು ಹುಡುಕಿ ಕಬ್ಬಿಣದ ಬಾಗಿಲು ತೆರೆದು ಹೊರಗೆ ಬರುತ್ತಾರೆ. ಮೊದಲು ಕಣ್ಣು ಕುಕ್ಕುವ ಬೆಳಕು. ಬೆಳಕು ತಿಳಿಯಾದ ಮೇಲೆ ಕಾಣುವುದು ಬೂದಿಬಣ್ಣದ ನೆಲ, ಮುರಿದ ಸೇತುವೆ, ದೂರದಲ್ಲಿ ವಾಷಿಂಗ್‌ಟನ್ ನಗರದ ಹಾಳು. ಅಲ್ಲಿಂದ ಮುಂದೆ ಇಂಥದ್ದೇ ದಾರಿಯಲ್ಲಿ ಹೋಗಬೇಕೆಂಬ ಕಟ್ಟಳೆಯಿಲ್ಲ. ಎಡಕ್ಕೆ ಹೋದರೂ ಸರಿ, ಬಲಕ್ಕೆ ಹೋದರೂ ಸರಿ, ತಂದೆಯನ್ನು ಮರೆತು ತಿಂಗಳುಗಟ್ಟಲೆ ಸುಮ್ಮನೆ ಅಲೆದರೂ ಸರಿ.

ನಮ್ಮ ಹುಡುಗ ಹೆಚ್ಚಾಗಿ ಅಲೆಯುತ್ತಿದ್ದ. ಗುಂಡು ಹಾರಿಸುವ ಸಂದರ್ಭಗಳು ಬೇಕಾದಷ್ಟಿದ್ದವು, ಅದರಲ್ಲಿ ಅವನಿಗೂ ನಮಗೂ ಅಂಥ ರುಚಿ ಕಾಣಲಿಲ್ಲ. ಒಂದು ಮನೆ ಕಂಡರೆ ಒಳಗೆ ಹೋಗುವುದು, ಕಪಾಟು ತೆರೆಯುವುದು, ಮೇಜಿನ ಮೇಲಿನ ಹಳೆಯ ಕಂಪ್ಯೂಟರಿನಲ್ಲಿ ಉಳಿದ ದಿನಚರಿ ಓದುವುದು. ಕೆಲವು ಮನೆಗಳಲ್ಲಿ ಹಾಸಿಗೆಯ ಮೇಲೆ ಎರಡು ಅಸ್ಥಿಪಂಜರಗಳು ಅಕ್ಕಪಕ್ಕ ಮಲಗಿರುತ್ತವೆ. ಯಾರು, ಏನು ಎಂದು ಆಟ ಹೇಳುವುದಿಲ್ಲ. ನಾವು ಕಥೆ ಬರೆಯುವವರು. ಹೇಳದೆ ಬಿಟ್ಟ ಆ ಮಾತು ನಮಗೆ ಹಿಡಿಸಿತು ಎಂದು ಒಪ್ಪಿಕೊಳ್ಳಬೇಕು.

ಈ ಆಟಕ್ಕೂ ನಮ್ಮ ದೇಶಕ್ಕೂ ಒಂದು ವಿಚಿತ್ರ ಸಂಬಂಧವಿದೆ. 2008ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಕಂಪನಿ ತನ್ನ ಎಕ್ಸ್‌ಬಾಕ್ಸ್ ಯಂತ್ರದ ಆವೃತ್ತಿಯನ್ನು ಭಾರತದಲ್ಲಿ ಬಿಡುಗಡೆ ಮಾಡುವುದಿಲ್ಲವೆಂದು ಹೇಳಿತು. ಸಾಂಸ್ಕೃತಿಕ ಸೂಕ್ಷ್ಮತೆಗಳು ಕಾರಣವೆಂದಿತೇ ಹೊರತು ಯಾವ ಸೂಕ್ಷ್ಮತೆ ಎಂದು ಬಿಡಿಸಲಿಲ್ಲ. ಆಟದಲ್ಲಿ ಎರಡು ತಲೆಯ ಹಸುಗಳಿವೆ, ಅವುಗಳಿಗೆ 'ಬ್ರಾಹ್ಮಿನ್' ಎಂದು ಹೆಸರಿಟ್ಟಿದ್ದಾರೆ, ಅದೇ ಇರಬೇಕೆಂದು ಜನ ಊಹಿಸಿದರು. ಜಪಾನಿನಲ್ಲಿ ಆದದ್ದು ಇದಕ್ಕಿಂತ ಗಂಭೀರ. ಆಟದಲ್ಲಿ ಮೆಗಾಟನ್ ಎಂಬ ಊರಿದೆ. ಸಿಡಿಯದೆ ಉಳಿದ ಅಣುಬಾಂಬಿನ ಸುತ್ತಲೇ ತಗಡಿನ ಗುಡಿಸಲು ಕಟ್ಟಿಕೊಂಡ ಜನರ ಊರು. ಶ್ರೀಮಂತನೊಬ್ಬನ ಬಂಟ ಬಂದು, ಆ ಬಾಂಬು ಸಿಡಿಸಿದರೆ ಹಣ ಕೊಡುತ್ತೇನೆ ಎನ್ನುತ್ತಾನೆ. ಆಡುವವನು ಬಾಂಬನ್ನು ನಿಷ್ಕ್ರಿಯಗೊಳಿಸಬಹುದು, ಇಲ್ಲವೆ ದೂರದ ಮಹಡಿಯ ಮೇಲೆ ನಿಂತು ಗುಂಡಿ ಒತ್ತಿ ಊರನ್ನು ಹಾರಿಸಿ ನೋಡಬಹುದು. ಜಪಾನಿನ ಆವೃತ್ತಿಯಲ್ಲಿ ಆ ಬಂಟನನ್ನೇ ತೆಗೆದುಹಾಕಿದರು. ಹಿರೋಶಿಮಾ, ನಾಗಾಸಾಕಿಗಳ ನಾಡಿನಲ್ಲಿ ಆ ಗುಂಡಿಯನ್ನು ಆಟವೆಂದು ಇಡುವುದು ಸರಿಯಲ್ಲವೆಂದು ಯಾರಿಗಾದರೂ ಅನ್ನಿಸಿದ್ದೀತು.

ನಾವು ಹುಡುಗನನ್ನು ಕೇಳಿದೆವು: ನೀನು ಒತ್ತಿದೆಯೋ?

ಮನೆಯ ಮಾತು ದಖನಿಯಾದರೂ ಆಟದ ವಿಷಯ ಬಂದರೆ ಅವನು ಧಾರವಾಡದ ಕನ್ನಡಕ್ಕೆ ಹೊರಳುತ್ತಾನೆ. "ಒಂದ ಸಲ ಒತ್ತಿದ್ದೆ ಮಾಮೂ. ನೋಡೂಣು ಹೆಂಗಿರತೈತಿ ಅಂತ. ಆಮ್ಯಾಲ ಹಿಂದಿನ ಸೇವ್‌ಗೆ ಹೋಗಿ ಊರು ವಾಪಸ್ ತಂದೆ. ಆದ್ರ ಆ ಊರ ಬಾಗಲದಾಗ ನೀರು ಕೇಳಾಂವ ಒಬ್ಬಾಂವ ಕುಂತಿರ್ತಾನ. ಅಂವಗ ನಾ ದಿನಾ ನೀರು ಕೊಡ್ತಿದ್ದೆ. ಆ ಮ್ಯಾಲ ಅಂವನ ಮುಂದ ಹೋಗಾಕ ಒಂಥರಾ ಆತು."

ಹಿಂದಕ್ಕೆ ಹೋಗಿ ಸರಿಪಡಿಸಿದ ಮೇಲೂ ಒಂಥರಾ ಆಯಿತೆಂಬ ಅವನ ಮಾತಿನ ಜತೆಗೇ ಆ ರಾತ್ರಿ ನಾವು ಮಲಗಿದೆವು.

ಮರುದಿನ ಅವನನ್ನು ಕರೆದುಕೊಂಡು ಕಿತ್ತೂರಿಗೆ ಹೋದೆವು. ಬೈಲಹೊಂಗಲ ಸೀಮೆಯ ಮಕ್ಕಳು ಶಾಲೆಯ ಪ್ರವಾಸದಲ್ಲಿ ಒಮ್ಮೆಯಾದರೂ ಆ ಕೋಟೆ ನೋಡಿರುತ್ತಾರೆ, ಆಮೇಲೆ ಮರೆಯುತ್ತಾರೆ. ಅರಮನೆಯ ಸೂರು ಇಲ್ಲ. ದಪ್ಪ ಗೋಡೆಗಳ ಕೆಳಭಾಗ, ನೀರು ಹರಿಯುತ್ತಿದ್ದ ಕಾಲುವೆಗಳ ಗುರುತು, ಸ್ನಾನದ ಕೋಣೆಗಳು, ಧ್ರುವನಕ್ಷತ್ರ ನೋಡುತ್ತಿದ್ದರೆಂದು ಹೇಳುವ ದುಂಡಗಿನ ಕಿಂಡಿ, ಇಷ್ಟು ಉಳಿದಿವೆ. ಹುಡುಗ ಗೋಡೆಯಿಂದ ಗೋಡೆಗೆ ದಾಟುತ್ತ, ಇದು ಅಡುಗೆಮನೆ, ಇದು ಉಗ್ರಾಣ ಎಂದು ತಾನೇ ಊಹಿಸುತ್ತ ಹೋದ. ರಾತ್ರಿ ಲ್ಯಾಪ್‌ಟಾಪಿನಲ್ಲಿ ಮಾಡುವುದನ್ನೇ ಹಗಲು ಕಾಲಿನಲ್ಲಿ ಮಾಡುತ್ತಿದ್ದ.

ಅಲ್ಲಿ ನಮಗೆ ತಿಳಿದ ಒಂದು ಸಂಗತಿ ಇಬ್ಬರನ್ನೂ ಸುಮ್ಮನಾಗಿಸಿತು. ಆಟದಲ್ಲಿ ಬಾಂಬುಗಳು ಬಿದ್ದು ಜಗತ್ತು ಮುಗಿಯುವ ದಿನ 2077ರ ಅಕ್ಟೋಬರ್ 23. ಕಿತ್ತೂರಿನ ಬಾಗಿಲಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತು, ಚೆನ್ನಮ್ಮನ ಸೈನ್ಯ ಗೆದ್ದ ದಿನ 1824ರ ಅಕ್ಟೋಬರ್ 23. ಪ್ರತಿವರ್ಷ ಕಿತ್ತೂರು ಉತ್ಸವ ಆರಂಭವಾಗುವ ದಿನವೂ ಅದೇ. ಆಟ ಮಾಡಿದವರಿಗೆ ಕಿತ್ತೂರು ಎಲ್ಲಿದೆಯೆಂದೂ ತಿಳಿದಿರಲಾರದು. ಬರೀ ಕಾಕತಾಳೀಯವೆಂದು ನಮಗೆ ಗೊತ್ತಿದೆ, ಆದರೂ ಹೇಳದೆ ಇರಲಾಗಲಿಲ್ಲ. ಗೆದ್ದ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಡಿಸೆಂಬರಿನ ಮೊದಲ ವಾರದಲ್ಲೇ ಕೋಟೆ ಬಿತ್ತು. ರಾಣಿ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಕಿತ್ತೂರಿನ ಮಟ್ಟಿಗೆ ಜಗತ್ತು ಮುಗಿದೇ ಹೋಗಿತ್ತು.

ಸಂಗೊಳ್ಳಿಯ ಕಥೆ ಶುರುವಾಗುವುದು ಆ ಮುಗಿದ ಜಗತ್ತಿನಲ್ಲಿ. ಅರಸೊತ್ತಿಗೆ ಹೋಗಿದೆ, ಇನಾಮು ಭೂಮಿಗಳ ಲೆಕ್ಕ ಕಂಪನಿಯ ಕೈಗೆ ಹೋಗಿದೆ, ಹಳೆಯ ನಂಟುಗಳಿಗೆ ಅರ್ಥವಿಲ್ಲ. ಅಂಥ ಹೊತ್ತಿನಲ್ಲಿ ರಾಯಣ್ಣ ದತ್ತುಮಗನ ಹೆಸರಿನಲ್ಲಿ ದಂಡು ಕಟ್ಟಿದ, 1830ರಲ್ಲಿ ಬೀಡಿಯ ಕಚೇರಿಗೆ ಬೆಂಕಿ ಇಟ್ಟ, ಕಾಡುಮೇಡು ಅಲೆದ, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ. ಇಂದು ಸಂಗೊಳ್ಳಿಯಲ್ಲಿ ಅವನ ಜೀವನದ ಪ್ರಸಂಗಗಳನ್ನು ಆಳೆತ್ತರದ ಪ್ರತಿಮೆಗಳಲ್ಲಿ ನಿಲ್ಲಿಸಿದ ಶಿಲ್ಪವನವಿದೆ. ಜನ ಟಿಕೆಟು ತೆಗೆದುಕೊಂಡು ಒಳಗೆ ಹೋಗಿ, ಪ್ರತಿಮೆಗಳ ನಡುವೆ ನಡೆದಾಡಿ ಬರುತ್ತಾರೆ. ಮುಗಿದುಹೋದ ಲೋಕದೊಳಗೆ ನಡೆದಾಡುವ ಆಸೆ ಲ್ಯಾಪ್‌ಟಾಪಿನ ಜತೆ ಹುಟ್ಟಿದ್ದೇನೂ ಅಲ್ಲವೆಂದು ಆಪಾನಿಗೆ ಹೇಳಲು ನಮಗೊಂದು ಸಾಕ್ಷಿ ಸಿಕ್ಕಿತು. ಆದರೆ ಆಟದ ನಾಯಕನಿಗೂ ರಾಯಣ್ಣನಿಗೂ ಒಂದು ಅಂತರವಿದೆ. ಆಟದವನು ಒಂಟಿ, ಸತ್ತವರ ಅಡುಗೆಮನೆಯ ಡಬ್ಬಿಗಳಿಂದ ಹೊಟ್ಟೆ ಹೊರೆಯುತ್ತಾನೆ. ರಾಯಣ್ಣನಿಗೆ ಹಳ್ಳಿಯ ಹೆಂಗಸರು ರೊಟ್ಟಿ ಕಟ್ಟಿ ಕೊಡದಿದ್ದರೆ ವಾರವೂ ನಡೆಯುತ್ತಿರಲಿಲ್ಲ.

ಕೋಟೆಯ ಹೊರಗೆ ಚಹಾ ಕುಡಿಯುವಾಗ ಆಪಾನ ಪ್ರಶ್ನೆಯನ್ನೇ ಹುಡುಗನಿಗೆ ಕೇಳಿದೆವು. ಬಣ್ಣ, ಬಂದೂಕು, ಗೆಲುವು ಎಂದಾನೆಂದು ಭಾವಿಸಿದ್ದೆವು. ಅವನು ಸ್ವಲ್ಪ ಹೊತ್ತು ಲೋಟ ತಿರುಗಿಸುತ್ತ ಕುಳಿತು, "ಅಲ್ಲಿ ಯಾರೂ ಹೆಸರು ಕೇಳಂಗಿಲ್ಲ ಮಾಮೂ" ಎಂದ.

ಹಿಂದಿನ ವರ್ಷ ಅವನೂ ಅವನ ಗೆಳೆಯನೂ ಓದುವ ಊರಿನಲ್ಲಿ ಬಾಡಿಗೆಗೆ ಕೋಣೆ ಹುಡುಕಿದ್ದರು. ಒಂದು ಮನೆಯಲ್ಲಿ ಕೋಣೆ ತೋರಿಸಿದರು, ಬಾಡಿಗೆ ಮಾತಾಯಿತು, ಮುಂಗಡ ಎಷ್ಟೆಂದೂ ಆಯಿತು. ಕೊನೆಗೆ ಹೆಸರು ಕೇಳಿದರು. ಹೆಸರು ಹೇಳಿದ ಮೇಲೆ ಆ ಕೋಣೆ ನಿನ್ನೆಯೇ ಬೇರೆಯವರಿಗೆ ಹೋಗಿದೆಯೆಂದು ಅವರಿಗೆ ನೆನಪಾಯಿತು. ಹುಡುಗ ಇದನ್ನು ಮನೆಯಲ್ಲಿ ಹೇಳಿರಲಿಲ್ಲ. ನಮಗೆ ಹೇಳಿದ್ದೂ ದೂರಿನ ಧಾಟಿಯಲ್ಲಲ್ಲ, ನಡುವೆ ಎರಡು ಸಲ ನಕ್ಕ. ಆ ಹಾಳು ವಾಷಿಂಗ್‌ಟನ್ನಿನಲ್ಲಿ ಬಾಗಿಲುಗಳೆಲ್ಲ ತೆರೆದಿವೆ. ಕೋಣೆ ಕೊಡುವುದಿಲ್ಲವೆನ್ನುವ ಒಡೆಯ ಇಲ್ಲ, ಉತಾರ ಇಲ್ಲ, ಅಡ್ಡಹೆಸರಿಲ್ಲ. ಎದುರಿಗೆ ಬಂದವರು ನಿನ್ನನ್ನು ಅಳೆಯುವುದು ನೀನು ಮಾಡಿದ ಕೆಲಸದಿಂದ.

ಇದನ್ನು ಕೇಳಿದ ಮೇಲೆ ನಮ್ಮ ಚಟದ ಬೇರೂ ನಮಗೆ ಕಾಣತೊಡಗಿತು. ನಾವು ಮೊದಲು ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಶಾಲೆಯಲ್ಲಿ ಓದಿದವರು. ಉರ್ದುವಿನಲ್ಲಿ ಹಾಳಾದ ಊರುಗಳಿಗೆಂದೇ ಒಂದು ಕಾವ್ಯಪ್ರಕಾರವಿದೆ, ಶಹರ್ ಆಶೋಬ್ ಎಂದು ಹೆಸರು. 1857ರ ನಂತರದ ದಿಲ್ಲಿಯ ಬಗ್ಗೆ ಬರೆದ ಅಂಥ ಕವಿತೆಗಳದೇ ಒಂದು ಸಂಕಲನ 1863ರಲ್ಲಿ ಬಂತು. ಗಾಲಿಬ್ ತನ್ನ ಪತ್ರಗಳಲ್ಲಿ ಖಾಲಿಯಾದ ಗಲ್ಲಿಗಳನ್ನು, ಸತ್ತ ಗೆಳೆಯರನ್ನು ಒಬ್ಬೊಬ್ಬರನ್ನಾಗಿ ಎಣಿಸುತ್ತಾನೆ. ಹಾಳೂರನ್ನು ಕಂಡರೆ ಮನಸ್ಸು ಮೆತ್ತಗಾಗಬೇಕು, ಇಬ್ರತ್ ಪಡೆಯಬೇಕು ಎಂದು ನಮಗೆ ಮೌಲವಿ ಸಾಹೇಬರು ಕಲಿಸಿದ್ದರು. ಆಮೇಲೆ ಕನ್ನಡ ಶಾಲೆಯಿಂದ ಹಂಪಿಗೆ ಪ್ರವಾಸ ಹೋದೆವು. ಕೈಮುರಿದ ವಿಗ್ರಹದ ಮುಂದೆ ಮಾರ್ಗದರ್ಶಕ ನಿಂತು 1565ರ ಕಥೆ ಹೇಳಿದ. ಹೇಳಿ ಮುಗಿಸುವ ಹೊತ್ತಿಗೆ ನಲವತ್ತು ಹುಡುಗರಲ್ಲಿ ನಾಲ್ಕೈದು ಜನ ಹಿಂತಿರುಗಿ ನಮ್ಮನ್ನು ನೋಡಿದರು. ಅವರಲ್ಲಿ ದ್ವೇಷವಿತ್ತೆಂದು ನಾವು ಹೇಳುವುದಿಲ್ಲ, ಅವರಿಗಿನ್ನೂ ಹದಿಮೂರು ವರ್ಷ. ಆದರೆ ಅಂದಿನಿಂದ ಯಾವ ಹಾಳಿಗೆ ಹೋದರೂ, ಇದನ್ನು ಕೆಡವಿದವರು ಯಾರು ಎಂಬ ಮಾತು ಬರುವ ಮೊದಲೇ ನಾವು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತೇವೆ. ಈ ಆಟದ ಹಾಳಿನಲ್ಲಿ ಹಾಗೆ ಸರಿಯಬೇಕಾಗಿರಲಿಲ್ಲ. ಅಲ್ಲಿ ಸುಟ್ಟವರು ಯಾರೋ, ಸತ್ತವರು ಯಾರೋ, ನಾವು ಇನ್ನೂರು ವರ್ಷ ತಡವಾಗಿ ಬಂದವರು. ನಿರಪರಾಧಿಗಳಾಗಿ ಹಾಳಿನಲ್ಲಿ ನಡೆಯುವ ಸುಖ ನಮಗೆ ಬದುಕಿನಲ್ಲಿ ಮೊದಲ ಸಲ ಸಿಕ್ಕಿತ್ತು. ಕಿತ್ತೂರಿನಲ್ಲಿ ಸ್ವಲ್ಪ ಸಿಗುತ್ತದೆ, ಅಲ್ಲಿ ಕೆಡವಿದವನು ಕಂಪನಿಯವನು.

ಇಷ್ಟು ದೂರ ಬಂದ ಮೇಲೆ ಆಟವನ್ನು ಹೊಗಳಿ ಮುಗಿಸಬಹುದಿತ್ತು. ಮುಗಿಸಲು ಬಿಡದ ಇನ್ನೊಂದು ಸಂಗತಿ ಆಟದೊಳಗೇ ಇದೆ.

ಆ ಆಟದಲ್ಲಿ ಆಡುವವನ ಒಳ್ಳೆಯದು ಕೆಟ್ಟದ್ದರ ಲೆಕ್ಕಕ್ಕೆ ಕರ್ಮ ಎಂದೇ ಹೆಸರು. ನಮ್ಮ ನೆಲದ ಮಾತು ಅಮೆರಿಕೆಗೆ ಹೋಗಿ ಅಂಕಿಯಾಗಿ ಬಂದಿದೆ. ನೀರು ಕೇಳುವವನಿಗೆ ಶುದ್ಧ ನೀರು ಕೊಟ್ಟರೆ ಕರ್ಮ ಏರುತ್ತದೆ. ಮಹಾಪಾಪ ಮಾಡಿ ಬಂದವನೂ ಹತ್ತಿಪ್ಪತ್ತು ಬಾಟಲಿ ನೀರು ಹಂಚಿ ಪುಣ್ಯವಂತನಾಗಬಹುದು. ಇದು ನಮಗೆ ತೀರ ಅಪರಿಚಿತವಾದ ಪದ್ಧತಿಯೇನೂ ಅಲ್ಲ. ಕಳವು ಮಾಡಿದರೆ ಕರ್ಮ ಇಳಿಯುತ್ತದೆ, ಯಾರೂ ನೋಡದಿದ್ದರೂ ಇಳಿಯುತ್ತದೆ. ಕಳವು ಯಾವುದು, ಬಿಟ್ಟುಹೋದದ್ದು ಯಾವುದು ಎಂದು ತಿಳಿಯುವುದು ಹೇಗೆ? ವಸ್ತುವಿನ ಮೇಲೆ ದೃಷ್ಟಿ ಇಟ್ಟರೆ ಅದರ ಹೆಸರು ಪರದೆಯ ಮೇಲೆ ಬರುತ್ತದೆ. ಒಡೆಯನಿಲ್ಲದ್ದಾದರೆ ಹಸಿರು ಅಕ್ಷರ, ಒಡೆಯನಿರುವುದಾದರೆ ಕೆಂಪು. ಸತ್ತ ಜಗತ್ತಿನಲ್ಲೂ ಕೆಲವು ಬಟ್ಟಲು, ಕೆಲವು ಪುಸ್ತಕ ಇನ್ನೂ ಒಬ್ಬರದೇ ಆಗಿರುತ್ತವೆ.

ಹುಡುಗ ಇದನ್ನು ವಿವರಿಸುತ್ತಿದ್ದಾಗ ನಮಗೆ ನಮ್ಮ ಮನೆಯ ಕಪಾಟಿನಲ್ಲಿರುವ ಒಂದು ನೋಟುಪುಸ್ತಕ ನೆನಪಾಯಿತು.

2019ರ ಆಗಸ್ಟಿನಲ್ಲಿ ಘಟ್ಟದ ಮೇಲೆ ಬಿದ್ದ ಮಳೆಗೆ ಮಲಪ್ರಭೆ ಉಕ್ಕಿತು. ನವಿಲುತೀರ್ಥದ ಅಣೆಕಟ್ಟು ತುಂಬಿ ನೀರು ಬಿಟ್ಟರು. ಕೆಳಗೆ ಸವದತ್ತಿ, ರಾಮದುರ್ಗ ತಾಲೂಕುಗಳ ಹೊಳೆದಂಡೆಯ ಊರುಗಳಲ್ಲಿ ನೀರು ಮನೆಯೊಳಗೆ ನಿಂತಿತು. ಮಣ್ಣಿನ ಗೋಡೆಗಳು ಮೂರು ದಿನ ನೀರು ಕುಡಿದು, ನೀರು ಇಳಿದ ಮೇಲೆ ಬಿದ್ದವು. ಹೊಳೆ ಬಂದಾಗ ನಿಂತ ಮನೆ ಹೊಳೆ ಹೋದ ಮೇಲೆ ಬೀಳುತ್ತದೆಂದು ಆ ಕಡೆಯ ಜನರಿಗೆ ಗೊತ್ತು, ನಮಗೆ ಗೊತ್ತಿರಲಿಲ್ಲ. ರಾಮದುರ್ಗ ತಾಲೂಕಿನ ಒಂದು ಹಳ್ಳಿಗೆ ಗೆಳೆಯರೊಡನೆ ಅಕ್ಕಿ, ಚಾದರ, ಬಿಸ್ಕತ್ತು ಹಂಚಲು ಹೋಗಿದ್ದೆವು. ಜನ ಶಾಲೆಯಲ್ಲಿದ್ದರು. ಹಂಚುವುದು ಮುಗಿದ ಮೇಲೆ ನಾವೊಬ್ಬರೇ ಊರೊಳಗೆ ನಡೆದೆವು. ಏಕೆ ಹೋದೆವೆಂದು ಈಗ ನಾಚಿಕೆಯಿಲ್ಲದೆ ಹೇಳುತ್ತೇವೆ: ಕಥೆಗೆ ಏನಾದರೂ ಸಿಕ್ಕೀತೆಂದು. ಮೊಳಕಾಲುದ್ದ ರಾಡಿ, ಸತ್ತ ದನದ ನಾತ, ಗೋಡೆಯ ಮೇಲೆ ಎದೆಮಟ್ಟಕ್ಕೆ ನೀರಿನ ಗೆರೆ. ಮುಂಬಾಗಿಲಿಲ್ಲದ ಒಂದು ಮನೆಯೊಳಗೆ ಹೋದೆವು. ಯಾರನ್ನೂ ಕೂಗಲಿಲ್ಲ, ಕೇಳಲಿಲ್ಲ. ಕಬ್ಬಿಣದ ಟ್ರಂಕು ಬಾಯಿ ತೆರೆದು ಬಿದ್ದಿತ್ತು. ಅದರಲ್ಲಿ ಒಂದು ಶಾಲೆಯ ನೋಟುಪುಸ್ತಕ, ಅಂಚೆಲ್ಲ ಕೆಸರು, ಒಳಗೆ ಮಗುವಿನ ದುಂಡಕ್ಷರ. ಹಿಂದಿನ ಪುಟಗಳಲ್ಲಿ ಬೇರೊಂದು ಕೈಯ ಲೆಕ್ಕ: ಸಂಘದ ಕಂತು, ಬೀಜದ ಸಾಲ, ಯಾರಿಗೋ ಕೊಟ್ಟ ಐನೂರು. ನಾವು ಅದನ್ನು ಚೀಲಕ್ಕೆ ಹಾಕಿಕೊಂಡೆವು.

ಮುಂದೆ ಆ ಲೆಕ್ಕದಿಂದ ಒಂದು ಕಥೆ ಹುಟ್ಟಿತು, ಅಚ್ಚಾಯಿತು, ಒಳ್ಳೆಯ ಪತ್ರಗಳು ಬಂದವು. ಕಥೆಯಲ್ಲಿ ಕರುಣೆ ಇದೆ ಎಂದು ಒಬ್ಬರು ಬರೆದಿದ್ದರು.

ಪ್ರವಾದಿಯವರು ತಬೂಕಿನ ದಾರಿಯಲ್ಲಿ ಸಮೂದ್ ಜನಾಂಗದ ಹಾಳು ಮನೆಗಳ ನಡುವೆ ಹಾದುಹೋದ ಪ್ರಸಂಗ ಬುಖಾರಿಯಲ್ಲಿದೆ. ಅಳುತ್ತಲ್ಲದೆ ಈ ಮನೆಗಳೊಳಗೆ ಹೋಗಬೇಡಿ ಎಂದು ಸಂಗಾತಿಗಳಿಗೆ ಹೇಳಿ, ತಾವು ತಲೆ ಮುಚ್ಚಿಕೊಂಡು ಬೇಗ ದಾಟಿದರು. ಅಲ್ಲಿನ ಬಾವಿಯ ನೀರಿನಲ್ಲಿ ಕಲಸಿದ ಹಿಟ್ಟನ್ನೂ ಒಂಟೆಗಳಿಗೆ ಹಾಕಿಸಿದರು. ಬಾಲ್ಯದಲ್ಲಿ ನಾವಿದನ್ನು ಶಾಪ ತಟ್ಟಿದ ನೆಲದ ಭಯವೆಂದೇ ಓದಿದ್ದೆವು. ಅದೇ ಜಾಗ 2008ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು, ಈಗ ಪ್ರವಾಸಿಗಳು ಹೋಗಿ ಫೋಟೋ ತೆಗೆಸಿಕೊಂಡು ಬರುತ್ತಾರೆ. ವಿದ್ವಾಂಸರು ಆ ಪ್ರಸಂಗಕ್ಕೆ ಏನು ಅರ್ಥ ಹೇಳುತ್ತಾರೋ ಅದನ್ನು ಅವರಿಗೇ ಬಿಡುತ್ತೇವೆ. ನಮಗೆ ಈಗ ಅದರಲ್ಲಿ ಕೇಳಿಸುವುದು ಹಾಳುಮನೆಗೆ ಹೋಗುವವನ ಕೈ ಮತ್ತು ಕಣ್ಣಿನ ಬಗೆಗಿನ ಎಚ್ಚರ. ಸಮೂದರು ಅನ್ಯಾಯ ಮಾಡಿ ಅಳಿದವರು. ಅವರ ಮನೆಗೇ ಅಷ್ಟು ಎಚ್ಚರ ಬೇಕಾದರೆ, ರಾಮದುರ್ಗದ ಕಡೆಯ ಆ ರೈತನ ಮನೆಗೆ ಎಷ್ಟು ಬೇಕಿತ್ತು?

ಆಟದ ಸೆಳೆತ ಎಲ್ಲಿದೆಯೋ ಅದರ ಸುಳ್ಳೂ ಅಲ್ಲೇ ಇದೆಯೆಂದು ನಮಗೀಗ ಅನ್ನಿಸುತ್ತದೆ. ಒಡೆಯರೆಲ್ಲ ಹೊರಟುಹೋದ ಜಗತ್ತು ಎಂಬುದು ಹೆಸರು ಕೇಳಿ ಬಾಗಿಲು ಹಾಕಿಸಿಕೊಂಡವನಿಗೆ ದೊಡ್ಡ ಬಿಡುಗಡೆ. ಆ ಹುಡುಗನಿಗೆ ಆ ಬಿಡುಗಡೆ ದಿನಕ್ಕೆರಡು ಗಂಟೆ ಸಿಗುವುದಾದರೆ ನಾವು ಬೇಡವೆನ್ನುವುದಿಲ್ಲ, ಆಪಾ ಬೇಕಾದ್ದು ಅನ್ನಲಿ. ಆದರೆ ನಮ್ಮ ಸುತ್ತಿನ ಹಾಳುಗಳಲ್ಲಿ ಒಡೆಯರು ಹೊರಟುಹೋಗಿಲ್ಲ. ನವಿಲುತೀರ್ಥದ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳ ಮಕ್ಕಳು ಮೊಮ್ಮಕ್ಕಳು ದಂಡೆಯ ಮೇಲಿನ ಊರುಗಳಲ್ಲೇ ಇದ್ದಾರೆ. ಆಲಮಟ್ಟಿಯ ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳನ್ನು ಬಿಟ್ಟವರು ನವನಗರದಲ್ಲಿದ್ದಾರೆ. ಆ ನೋಟುಪುಸ್ತಕದ ಮಗು ಅಂದು ನಾವು ಬಿಸ್ಕತ್ತು ಹಂಚಿದ ಸಾಲಿನಲ್ಲೇ ಕುಳಿತಿತ್ತೋ ಏನೋ. ಶಾಲೆಗೂ ಆ ಮನೆಗೂ ಐದು ನಿಮಿಷದ ದಾರಿ. ನಾವು ಇನ್ನೂರು ವರ್ಷ ತಡವಾಗಿ ಬಂದವರಂತೆ ನಡೆದುಕೊಂಡೆವು.

ಕೊನೆಯ ರಾತ್ರಿ ಇದನ್ನೆಲ್ಲ ಹುಡುಗನಿಗೆ ಹೇಳಿದೆವು. ಅವನು ಆಟ ನಿಲ್ಲಿಸಿ ಕೇಳಿಸಿಕೊಂಡ. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಬುಕ್ಕಿನ ಮ್ಯಾಲ ಹೆಸರಿತ್ತೇನ್ರಿ ಮಾಮೂ?" ಎಂದು ಕೇಳಿದ.

ಇತ್ತು. ಹೆಸರು, ತರಗತಿ, ಊರು, ಮೂರೂ ಇದ್ದವು. ಕಥೆ ಬರೆಯುವಾಗ ನಾವು ಆ ಹೆಸರನ್ನು ಬದಲಾಯಿಸಿದ್ದೆವು.

"ಹಂಗಾರ ಕೆಂಪು" ಎಂದ ಹುಡುಗ, ಮತ್ತೆ ಪರದೆಯ ಕಡೆ ತಿರುಗಿದ.

ಊರಿಗೆ ಮರಳಿದ ಮೇಲೆ ಕಪಾಟಿನಿಂದ ಅದನ್ನು ತೆಗೆದು ಪೇಪರಿನಲ್ಲಿ ಸುತ್ತಿಟ್ಟಿದ್ದೇವೆ. ಆ ಮಗು ಈಗ ಕಾಲೇಜಿನ ವಯಸ್ಸಿಗೆ ಬಂದಿರಬೇಕು. ಲೆಕ್ಕ ಬರೆದ ಕೈ ಇದೆಯೋ ಇಲ್ಲವೋ ತಿಳಿಯದು. ಹೋಗಿ ಏನೆಂದು ಕೊಡುವುದು, ಕಥೆಯ ಸಂಗತಿ ಹೇಳಬೇಕೋ ಬೇಡವೋ ಎಂಬುದು ಇನ್ನೂ ಬಗೆಹರಿದಿಲ್ಲ. ಪರೀಕ್ಷೆ ಮುಗಿದ ಮೇಲೆ ತಾನೂ ಬರುತ್ತೇನೆ, ಮೋಟಾರ್‌ಸೈಕಲ್ ಮೇಲೆ ಸವದತ್ತಿ ಮೇಲಿಂದ ಹೋಗಿಬರೋಣ ಎಂದು ಹುಡುಗ ಫೋನಿನಲ್ಲಿ ಹೇಳಿದ್ದಾನೆ.